ಕವರ್ ಭಾವನ ಹಿತ್ತಲಿಗೆ ಒಂದು ಸಿಂಕು

ಆ ಮನುಷ್ಯನಿಗೆ ಕವರ್ ಭಾವ ಎಂದು ಹೆಸರಿಟ್ಟವನು ಅವನ ಹೆಂಡತಿಯ ತಮ್ಮ, ಕಸುಬಿನಲ್ಲಿ ಪ್ಲಂಬರು. ಹೆಸರು ಹುಡುಕಲು ಅವನೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ಮನೆಯೊಳಗೆ ಕಾಲಿಟ್ಟ ಯಾರ ಬಾಯಿಗಾದರೂ ಬರುವ ಹೆಸರೇ ಅದು. ಸೋಫಾ ಯಾವ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಅಂಗಡಿಯಿಂದ ಬಂತೋ ಅದೇ ಪ್ಲಾಸ್ಟಿಕ್ಕಿನಲ್ಲಿ ಇವತ್ತಿಗೂ ಇದೆ. ಸೆಕೆಗಾಲದಲ್ಲಿ ಅದರ ಮೇಲೆ ಕೂತವರು ಏಳುವಾಗ ಚರ್ಮ ಸುಲಿದಂಥ ಸದ್ದಾಗುತ್ತದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ತೆಳು ಹಾಳೆ ಹಳದಿಗಟ್ಟಿ, ಅಂಚಿನಲ್ಲಿ ಸುರುಳಿ ಎದ್ದು, ಫ್ರಿಜ್ಜಿಗೇ ಏನೋ ಹುಳುಕಡ್ಡಿ ಹತ್ತಿದ ಹಾಗೆ ಕಾಣುತ್ತದೆ. ಟಿವಿ ರಿಮೋಟಿಗೆ ಕವರು, ಆ ಕವರು ಹರಿಯಬಾರದೆಂದು ಮೇಲೊಂದು ಕವರು. ಒತ್ತಿದ ಚಾನೆಲ್ ಬಿಟ್ಟು ಪಕ್ಕದ್ದು ಬರುತ್ತದೆ. ಭಾವ ಬಂದದ್ದನ್ನೇ ನೋಡುತ್ತಾನೆ.

ಹುಟ್ಟುವಾಗಲೇ ಹೀಗಿದ್ದನೋ, ಹೊಟ್ಟೆಪಾಡು ಹೀಗೆ ಮಾಡಿತೋ, ದೇವರಿಗೇ ಗೊತ್ತು. ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರಾಗಿ ಸೇರಿದವನು ಸ್ಟೋರ್ ಕೀಪರಾಗಿಯೇ ನಿವೃತ್ತನಾದ. ಬೇರಿಂಗು, ಬೆಲ್ಟು, ಬೋಲ್ಟು, ಕೈಗವಸು ಎಲ್ಲ ಅವನ ಬೆನ್ನ ಹಿಂದಿನ ರ್‍ಯಾಕುಗಳಲ್ಲಿ ಇರುತ್ತಿದ್ದವು. ಕೊಡುವುದು ಅವನ ಕೆಲಸ. ಅವನು ಮಾತ್ರ ಕೊಡದಿರುವುದೇ ತನ್ನ ಕೆಲಸವೆಂದು ತಿಳಿದಿದ್ದ. ಕೈಗವಸು ಕೇಳಿಕೊಂಡು ಕಿಟಕಿಗೆ ಬಂದವನಿಗೆ, ತೂತು ಬೆರಳಿಗೆ ಬಿದ್ದಿದೆಯೋ ಅಂಗೈಗೋ ಎಂದು ಪೊಲೀಸ್ ವಿಚಾರಣೆ. ಬೆರಳಿಗಾದರೆ, 'ಆ ಬೆರಳು ಮಡಚಿ ಕೆಲಸ ಮಾಡು' ಎಂದು ಕಳಿಸುತ್ತಿದ್ದ. ಭಾವ ನಿವೃತ್ತನಾಗಿ ಮನೆಗೆ ಹೋದ ಮೇಲೆ ಹೊಸ ಮ್ಯಾನೇಜರು ರ್‍ಯಾಕು ತೆಗೆಸಿ ನೋಡಿದರೆ, ಎಣ್ಣೆ ಕಾಗದ ಕೂಡ ಬಿಚ್ಚದ ಬಿಡಿಭಾಗಗಳ ರಾಶಿ. ಅವು ಕೂರಬೇಕಾಗಿದ್ದ ಯಂತ್ರಗಳು ಗುಜರಿಗೆ ಹೋಗಿ ಎಷ್ಟು ಕಾಲವಾಗಿತ್ತೋ. ಕೊನೆಗೆ ಇವನ್ನೂ ಲಾರಿಗೆ ತುಂಬಿ ಅದೇ ಗುಜರಿಗೆ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ತಲೆ ತಗ್ಗಿಸುತ್ತಿದ್ದರು. ಭಾವ ಈ ಕತೆಯನ್ನು ಎದೆಯುಬ್ಬಿಸಿ ಹೇಳುತ್ತಾನೆ.

"ಒಂದ್ ಗೀರು ಇರ್ಲಿಲ್ಲ ಕಣಪ್ಪ. ಲಾರಿಯವನೇ ಬೆರಗಾಗಿ ನಿಂತುಬಿಟ್ಟ."

ಇಂಥವನಿಗೆ ತನ್ನ ಅಕ್ಕನನ್ನು ಕೊಟ್ಟರಲ್ಲ ಎಂದು ಪ್ಲಂಬರಿಗೆ ಆ ಮನೆಯ ಮೆಟ್ಟಿಲು ಹತ್ತುವಾಗಲೆಲ್ಲ ಮೈ ಉರಿಯುತ್ತಿತ್ತು.

ಉರಿಯದೆ ಇನ್ನೇನಾದೀತು. ಮನೆಯೊಳಗೆ ಒಳ್ಳೇ ಅಡುಗೆಮನೆ ಇದೆ. ಹೊಳೆಯುವ ಟೈಲ್ಸು, ಕಪಾಟು, ಹೊಗೆ ಎಳೆಯುವ ಯಂತ್ರ, ಎಲ್ಲವೂ ಇವೆ. ಅಲ್ಲಿ ಹಾಲು ಕಾಯಿಸಬಹುದು, ಅದೂ ಉಕ್ಕಿಸದೆ. ಎಣ್ಣೆ ಹೊಗೆ ತಾಗಿದರೆ ಟೈಲ್ಸು ಮಂಕಾಗುತ್ತದೆಂದು ಹುರಿಯುವುದು, ಕರಿಯುವುದು, ಬೇಯಿಸುವುದು ಎಲ್ಲಾ ಹಿತ್ತಲಿಗೆ ಹೋಯಿತು. ಇಟ್ಟಿಗೆ ಪೇರಿಸಿ ಅದರ ಮೇಲೊಂದು ಒಲೆ. ಪಕ್ಕದಲ್ಲಿ ಮೊಣಕಾಲೆತ್ತರಕ್ಕೂ ಬಾರದ ನಲ್ಲಿ, ಅದರ ಬುಡದಲ್ಲೊಂದು ಕಲ್ಲುಚಪ್ಪಡಿ. ಮದುವೆಯಾದ ಹೊಸದರಲ್ಲಿ ಆ ಚಪ್ಪಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕಲು ಶುರುಮಾಡಿದ ಅಕ್ಕ, ಮಕ್ಕಳು ಬೆಳೆದು ಅವರವರ ದಾರಿ ಹಿಡಿದರೂ ಅಲ್ಲೇ ಕೂತಿದ್ದಳು. ಕೊನೆಗೆ ಕೂತವಳು ಏಳಲಾರದೆ ಗೋಡೆ ಹಿಡಿಯುವಂತಾಯಿತು.

ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಮುಖಕ್ಕೆ ಹೊಡೆದ ಹಾಗೆ ಹೇಳಿದರು. "ಇನ್ಮೇಲೆ ಕೆಳಗೆ ಕೂತು ಕೆಲಸ ಮಾಡೋ ಹಾಗಿಲ್ಲ. ಮಾಡಿದ್ರೆ ಮಂಡಿ ಕೊಯ್ಯಬೇಕಾಗುತ್ತೆ. ಮನೆ ಒಳಗೆ ನಿಂತ್ಕೊಂಡು ಅಡುಗೆ ಮಾಡೋಕೆ ಜಾಗ ಇಲ್ವಾ?"

ಈ ಕೊನೆಯ ಪ್ರಶ್ನೆಗೆ ಭಾವ ಬೆವತುಹೋದ. ಹೆಂಡತಿಯ ಮಂಡಿ ಕೊಯ್ಯುವ ಮಾತಿಗಲ್ಲ, ಟೈಲ್ಸಿನ ಮೇಲೆ ಎಣ್ಣೆ ಹಾರುವ ಮಾತಿಗೆ. ಮನೆ ತಲುಪುವಷ್ಟರಲ್ಲಿ ತೀರ್ಮಾನವಾಗಿತ್ತು. ಹಿತ್ತಲಲ್ಲೇ ಶೀಟು ಹಾಕಿಸಿ, ಕಟ್ಟೆ ಕಟ್ಟಿಸಿ, ಅಲ್ಲೊಂದು ಸಿಂಕು ಕೂರಿಸುವುದು. ನೆರೆಹೊರೆಯವರು, ಆಹಾ, ಹೆಂಡತಿಗೋಸ್ಕರ ಎಷ್ಟು ಮಾಡ್ತಾನೆ ನೋಡಿ, ಎಂದರು. ಭಾವ ಅದನ್ನೂ ಕೇಳಿಸಿಕೊಂಡು ತಲೆಯಾಡಿಸಿದ.

ಕೆಲಸ ಪ್ಲಂಬರ್ ತಮ್ಮನ ಮೇಲೆಯೇ ಬಿತ್ತು. ಅಕ್ಕನನ್ನು ನಿಲ್ಲಿಸಿ, ಅವಳ ಮೊಣಕೈಗೆ ಹೊಂದುವ ಹಾಗೆ ಕಟ್ಟೆಯ ಎತ್ತರ ಗುರುತು ಮಾಡಿ, ಮೇಲೆ ಕಲ್ಲು ಹಾಸಿಸಿ, ಪೈಪು ಎಳೆದ. ಕಲ್ಲು ಕೊರೆಯುವುದನ್ನು ಮಾತ್ರ ಬಾಕಿ ಇಟ್ಟ. ಸಿಂಕು ಕೈಗೆ ಬರದೆ ತೂತಿನ ಅಳತೆ ಸಿಗುವುದಿಲ್ಲ. ಭಾನುವಾರ ಬೆಳಿಗ್ಗೆ ಮೂವರೂ ಅಂಗಡಿಗೆ ಹೋದರು.

ಅಂಗಡಿಯ ಮೇಲಿನ ಮಹಡಿಯಲ್ಲಿ ಗೋಡೆಯುದ್ದಕ್ಕೂ ಸಿಂಕುಗಳು. ಭಾವ ಕೈ ಬೆನ್ನಿಗೆ ಕಟ್ಟಿಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಕಡೆಯ ಹಿರಿಯನ ಹಾಗೆ, ಒಂದೊಂದರ ಮುಂದೆಯೂ ಬಗ್ಗಿ ಬಗ್ಗಿ ನಡೆದ. ಒಂದರ ಮುಂದೆ ನಿಂತವನು ಅಲ್ಲಿಂದ ಕದಲಲಿಲ್ಲ. ಕನ್ನಡಿಯಂಥ ಸಿಂಕು. ಅವನ ಮುಖವೇ ಅದರೊಳಗೆ ಕಾಣುತ್ತಿತ್ತು. ಅಂಥ ಮುಖ ಇಟ್ಟುಕೊಂಡು ಅಷ್ಟು ಹೊತ್ತು ನೋಡಿಕೊಳ್ಳುವುದಕ್ಕೂ ಧೈರ್ಯ ಬೇಕು.

"ಇದು," ಎಂದ ಭಾವ.

ಪ್ಲಂಬರು ಗೆಣ್ಣಿನಿಂದ ತಳಕ್ಕೆ ಕುಟ್ಟಿ ನೋಡಿದ. ತಗಡು ದಪ್ಪಗಿತ್ತು. ತೋಳು ಇಳಿಬಿಟ್ಟು ನೋಡಿದ. ಆಳವೂ ಇತ್ತು. ಬೈಯುವುದಕ್ಕೇ ಬಾಯಿ ತೆಗೆದಿದ್ದವನು ಬೈಯಲು ಏನೂ ಸಿಗದೆ ಬಾಯಿ ಮುಚ್ಚಿಕೊಂಡ. ಜೀವಮಾನದಲ್ಲಿ ಒಂದು ಸಲವಾದರೂ ಈತ ನೆಟ್ಟಗಿರುವುದನ್ನು ಆರಿಸಿದನಲ್ಲ ಎಂದುಕೊಂಡ. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ.

ಭಾವ ಅಂಗಡಿಯವನನ್ನು ಕರೆದು ಸಿಂಕಿನ ಮೈಗಂಟಿದ ತೆಳು ಪ್ಲಾಸ್ಟಿಕ್ಕನ್ನು ಸವರಿದ. "ಈ ಹಾಳೆ ಎಷ್ಟು ವರ್ಷ ಬಾಳಿಕೆ ಬರುತ್ತೆ?"

ಅಂಗಡಿಯವನು ಕಣ್ಣು ಮಿಟುಕಿಸಿದ. "ಅದು ಬಾಳಿಕೆಗಲ್ಲ ಸಾರ್. ಕೂರಿಸಿದ ತಕ್ಷಣ ಕಿತ್ತುಬಿಡಿ. ಹೊರಗಡೆ ಬೇರೆ ಅಂತೀರಿ, ಬಿಸಿಲಿಗೆ ಕಾದು ಹಿಡಿದುಕೊಂಡ್ರೆ ಕೆರೆದ್ರೂ ಬರಲ್ಲ."

"ಕೀಳೋದ್ಯಾಕೆ? ಬಿಸಿಲು ಬೀಳದ ಹಾಗೆ ಹಲಗೆ ಮುಚ್ಚಳ ಮಾಡಿಸ್ತೀನಿ." ಆಮೇಲೆ ಪ್ಲಂಬರನ ಕಡೆ ತಿರುಗಿದ. "ನೋಡಪ್ಪಾ, ಆ ಕೆಳಗಿನ ನಲ್ಲಿ ಇದೆಯಲ್ಲ, ಅದನ್ನ ತೆಗೀಬೇಡ. ಮಸಿ ಪಾತ್ರೆ, ಜಿಡ್ಡು ಪಾತ್ರೆ ಎಲ್ಲ ಅಲ್ಲೇ ತೊಳೀಲಿ."

ಪ್ಲಂಬರಿಗೆ ಕಿವಿ ಬಿಸಿಯಾಯಿತು. "ಕೆಳಗೆ ಕೂರಬೇಡ ಅಂತ ತಾನೆ ಇದನ್ನೆಲ್ಲ ಕಟ್ಟಿದ್ದು?"

"ಒಂದೆರಡು ಪಾತ್ರೆಗೆ ಏನಾಗುತ್ತೆ."

"ಮತ್ತೆ ಸಿಂಕು ಯಾವ ಪುರುಷಾರ್ಥಕ್ಕೆ ಭಾವ?"

"ಬಂದವರು ಕೈ ತೊಳ್ಕೋತಾರೆ."

"ಯಾರ್ ಬರ್ತಾರೆ ನಿಮ್ಮನೇಗೆ?"

"ಅದಕ್ಕೇ ಹೊಸದಾಗೇ ಇರುತ್ತೆ," ಎಂದ ಭಾವ, ಎಳೇ ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ.

ಪ್ಲಂಬರು ಅಲ್ಲಿ ಆಡಿದ ಮಾತುಗಳನ್ನು ಬರೆಯುವ ಹಾಗಿಲ್ಲ. ಬಾತ್‌ರೂಮಿನ ಟೈಲ್ಸು ನೋಡುತ್ತಿದ್ದ ಗಂಡಹೆಂಡಿರು ಮಗುವಿನ ಕಿವಿ ಮುಚ್ಚಿಕೊಂಡು ಕೆಳಗಿಳಿದು ಹೋದರು. ಕಿಟಕಿಯ ಹಿಂದೆ ಕೂತು ಇಡೀ ಕಾರ್ಖಾನೆಯ ಬೈಗುಳ ತಿಂದು ಅರಗಿಸಿಕೊಂಡ ದೇಹ ಭಾವನದು. ಒಬ್ಬ ಪ್ಲಂಬರನ ಬಾಯಿಗೆ ಹೆದರೀತೇ. ಜೇಬಿನಿಂದ ಕರ್ಚೀಫು ತೆಗೆದು, ತಾನು ಮುಟ್ಟಿದ್ದ ಜಾಗವನ್ನು ಒರೆಸುತ್ತಾ ನಿಂತ.

ಬೈದು ಉಸಿರು ತಿರುಗಿಸಿಕೊಳ್ಳುವಾಗ ಪ್ಲಂಬರು ನೋಡುತ್ತಾನೆ, ಅಕ್ಕ ಇಲ್ಲ.

ಅವಳು ಮೆಟ್ಟಿಲ ಕೆಳಗಿನ ಸಂದಿಯಲ್ಲಿದ್ದಳು. ಅಂಗಡಿಯವನು ಒಡೆದ ಕಮೋಡು, ಬಿರುಕು ಬಿಟ್ಟ ಟೈಲ್ಸು ಎಲ್ಲ ತಳ್ಳಿದ್ದ ಜಾಗ ಅದು. ಅಲ್ಲೊಂದು ಸಿಂಕು ಗೋಡೆಗೊರಗಿ ನಿಂತಿತ್ತು. ಅಗಲವಾಗಿ, ಆಳವಾಗಿ, ಒಂದು ಮೂಲೆ ಮಾತ್ರ ಗುದ್ದು ತಿಂದ ಹಾಗೆ ಒಳಕ್ಕೆ ಜಜ್ಜಿಕೊಂಡಿತ್ತು. ಮೈಮೇಲೆ ಉದ್ದುದ್ದ ಗೀರುಗಳು. ಪ್ಲಾಸ್ಟಿಕ್ ಹಾಳೆ ಎಂದೋ ಹರಿದುಹೋಗಿತ್ತು. ಅಕ್ಕ ಎರಡೂ ತೋಳು ಅದರೊಳಗೆ ಹಾಕಿ, ಇಲ್ಲದ ಪಾತ್ರೆಯೊಂದನ್ನು ತಿರುಗಿಸಿ ನೋಡುತ್ತಿದ್ದಳು.

ಹಿಂದೆಯೇ ಬಂದ ಅಂಗಡಿಯವನು, "ಅಮ್ಮಾ, ಅದು ಇಳಿಸುವಾಗ ಬಿದ್ದದ್ದು. ವಾಪಸ್ ಕಳಿಸೋದು," ಎಂದ.

"ಸೋರುತ್ತಾ?"

"ಸೋರಲ್ಲ. ಚೆನ್ನಾಗಿ ಕಾಣಲ್ಲ, ಅಷ್ಟೇ."

"ಹಾಗಾದ್ರೆ ಇದೇ ಕೊಡಿ."

ಭಾವ ಮೆಟ್ಟಿಲಿಳಿದು ಬಂದು ಜಜ್ಜಿದ ಮೂಲೆಯನ್ನು ನೋಡಿ, ಸತ್ತ ಇಲಿ ಕಂಡವನ ಹಾಗೆ ಮುಖ ಹಿಂಡಿದ. "ನಿಂಗೇನ್ ತಲೆ ಕೆಟ್ಟಿದೆಯಾ? ಮೇಲೆ ಅಂಥದ್ದು ಇಟ್ಕೊಂಡು ಇದಾ?"

"ನೋಡ್ರೀ," ಎಂದಳು ಅಕ್ಕ, ತುಂಬ ಮೆತ್ತಗೆ. "ಮೇಲಿನದು ಲಕ್ಷಣವಾಗಿದೆ. ಅದನ್ನ ಹಿತ್ತಲಲ್ಲಿ ಇಡೋಕೆ ಮನಸಾದ್ರೂ ಹೇಗೆ ಬರುತ್ತೆ? ಧೂಳು ಬೀಳುತ್ತೆ, ಕಾಗೆ ಬಂದು ಕೂರುತ್ತೆ."

ಕಾಗೆಯ ಮಾತು ನಾಟಿತು. ಭಾವ ಮೇಲಿನ ಮಹಡಿಯನ್ನೊಮ್ಮೆ, ಕೆಳಗಿನ ಸಂದಿಯನ್ನೊಮ್ಮೆ ನೋಡಿದ. ಅವನ ತಲೆಯೊಳಗೆ ಕಾಗೆಯೊಂದು ಆ ಕನ್ನಡಿಯ ಮೇಲೆ ಕೂತು ಬಾಲ ಎತ್ತಿದ್ದು ಮುಖದಲ್ಲೇ ಕಾಣುತ್ತಿತ್ತು.

"ಅದೂ ಸರಿ," ಎಂದ ಕೊನೆಗೆ. "ಹೊರಗಡೆಗೆ ಇದು ಸಾಕು. ಅದನ್ನೂ ತಗೊಂಡು ಅಟ್ಟದ ಮೇಲೆ ಇಡೋಣ. ಮುಂದಕ್ಕೆ ಬೇಕಾಗುತ್ತೆ."

ಯಾವ ಮುಂದಕ್ಕೆ, ಯಾರಿಗೆ ಬೇಕಾಗುತ್ತದೆ ಎಂದು ಅಂಗಡಿಯವನು ಕೇಳಲಿಲ್ಲ. ವ್ಯಾಪಾರಿ, ಅವನು ಯಾಕೆ ಕೇಳುತ್ತಾನೆ. ಎರಡು ಸಿಂಕೂ ಗಾಡಿಗೇರಿದವು. ಹೊಸದು ಪೆಟ್ಟಿಗೆಯೊಳಗೆ ಹಾಸಿಗೆಯ ಮೇಲೆ ಮಲಗಿದ ಹಾಗೆ, ಜಜ್ಜಿದ್ದು ಬರಿಮೈಯಲ್ಲಿ. ಭಾವ ಪೆಟ್ಟಿಗೆಯನ್ನು ತಬ್ಬಿಕೊಂಡು ಗಾಡಿಯವನ ಪಕ್ಕ ಕೂತ.

ಅಕ್ಕತಮ್ಮ ಬಸ್ಸಿನಲ್ಲಿ ಬಂದರು. ಪ್ಲಂಬರು ದಾರಿಯುದ್ದಕ್ಕೂ ಹಲ್ಲು ಕಡಿದ. "ನಿಂಗಾದ್ರೂ ಬುದ್ಧಿ ಬೇಡ್ವಾ ಅಕ್ಕ? ಅಷ್ಟು ಜನದ ಮುಂದೆ ಬಾಯಿ ನೋಯಿಸ್ಕೊಂಡೆ ನಾನು. ನೀನು ಹೋಗಿ ಗುಜರಿ ಆರಿಸ್ಕೊಂಡು ಬಂದೆ."

"ನಮ್ಮನೇಲಿ ನಾನು ಕೈಯಾಡಿಸೋ ಸಾಮಾನು ಯಾವುದು ಅಂತ ನೋಡಿದ್ದೀಯಾ? ಹಿಡಿ ಕಿತ್ತ ಬಾಣಲೆ, ಸೊಟ್ಟಗಾದ ತಟ್ಟೆ, ಅಂಚು ಒಡೆದ ಲೋಟ. ನೆಟ್ಟಗಿರೋದೆಲ್ಲ ನಿಮ್ಮ ಭಾವಂದು. ಸೊಟ್ಟಗಿರೋದಕ್ಕೆ ಮಾತ್ರ ಅವ್ರು ತಂಟೆಗೆ ಬರಲ್ಲ. ನೆಟ್ಟಗಿರೋ ಸಿಂಕ್ ತಂದಿದ್ರೆ ನಾನು ಮತ್ತೆ ಕಲ್ಲಿನ ಮುಂದೆ ಕೂರ್ತಿದ್ದೆ ಕಣೋ."

"ಹೊಸದರ ಹಾಳೆ ಅವರೆದುರೇ ಕಿತ್ತು ಬಿಸಾಡಬೇಕಿತ್ತು."

"ಬಿಸಾಡಿದ್ರೆ ಏನಾಗುತ್ತೆ, ನಂಗೊತ್ತು. ಮೊದಲು ಮಾತು ಬಿಡ್ತಾರೆ. ಆಮೇಲೆ ಸಿಂಕಿನ ಪಕ್ಕ ಕುರ್ಚಿ ಹಾಕ್ಕೊಂಡು ಕೂರ್ತಾರೆ. ದಿನಾ. ಮಂಡಿ ನೋವು ತಡೀಬಹುದು, ಆ ಕಾವಲು ತಡೆಯೋಕಾಗಲ್ಲ."

ಪ್ಲಂಬರು ಕಿಟಕಿಯ ಕಡೆ ಮುಖ ಮಾಡಿದ. ಅಕ್ಕನ ಮೇಲೂ ಅವನಿಗೆ ಸಿಟ್ಟು ಬಂದಿತ್ತು. ಇಷ್ಟು ಚೆನ್ನಾಗಿ ಒಬ್ಬ ಮನುಷ್ಯನ ಹುಚ್ಚನ್ನು ಕಲಿತುಕೊಳ್ಳಲು ಎಷ್ಟು ವರ್ಷ ಹಾಳುಮಾಡಿಕೊಂಡಿರಬೇಕು ಇವಳು.

ಮರುದಿನ ಕಲ್ಲು ಕೊರೆದು ಸಿಂಕು ಇಳಿಸಿದ. ಅಂಚಿಗೆ ಅಂಟು ಬಳಿದು, ಕೆಳಗೆ ಪೈಪು ಕೂಡಿಸಿ, ನೀರು ಬಿಟ್ಟು ನೋಡಿದರೆ ಹನಿ ಸೋರಲಿಲ್ಲ. ಜಜ್ಜಿದ ಮೂಲೆ ಮಾತ್ರ ಅವನ ಕಣ್ಣಿಗೆ ಚುಚ್ಚುತ್ತಿತ್ತು. ತನ್ನ ಕೈಯ ಕೆಲಸ ಸೊಟ್ಟಗಿರುವುದು ಯಾವ ಪ್ಲಂಬರು ಸಹಿಸುತ್ತಾನೆ. ಮರದ ಸುತ್ತಿಗೆ ಎತ್ತಿಕೊಂಡು ಕಟ್ಟೆಯ ಕೆಳಗೆ ನುಸುಳಿದ. ಕೆಳಗಿನಿಂದ ನಾಲ್ಕು ಏಟು ಕೊಟ್ಟರೆ ನೆಟ್ಟಗಾಗುವಂಥದ್ದೇ.

ಅಕ್ಕ ಕಾಲಿನಿಂದ ಅವನ ಪಾದಕ್ಕೆ ತಿವಿದಳು. "ಹೊರಗೆ ಬಾ."

"ಒಂದ್ ನಿಮಿಷದ ಕೆಲಸ ಅಕ್ಕ, ಹೊಸದರ ಹಾಗೆ ಆಗುತ್ತೆ."

"ಆಗೋದು ಬೇಡ. ಸುತ್ತಿಗೆ ಚೀಲಕ್ಕೆ ಹಾಕು."

ಸುತ್ತಿಗೆ ಚೀಲ ಸೇರಿತು. ಆ ಸಿಟ್ಟನ್ನು ಅವನು ಕೆಳಗಿನ ನಲ್ಲಿಯ ಮೇಲೆ ತೀರಿಸಿಕೊಂಡ. ಯಾರನ್ನೂ ಕೇಳದೆ ಅದನ್ನು ಬಿಚ್ಚಿ, ಪೈಪಿನ ಬಾಯಿಗೆ ಮುಚ್ಚಳ ತಿರುಗಿಸಿ, ಕಲ್ಲುಚಪ್ಪಡಿಯನ್ನು ಎಬ್ಬಿಸಿ ಗೋಡೆಗೆ ಒರಗಿಸಿಬಿಟ್ಟ. ಸದ್ದು ಕೇಳಿ ಭಾವ ಹಿತ್ತಲಿಗೆ ಬಂದ. ಜಗಳಕ್ಕೆ ಪ್ಲಂಬರು ತೋಳು ಮಡಚಿಕೊಂಡು ಸಿದ್ಧನಾಗಿ ನಿಂತ. ಭಾವ ಅವನ ಮುಖವನ್ನೂ ನೋಡಲಿಲ್ಲ. ಬಿಚ್ಚಿಟ್ಟ ನಲ್ಲಿಯನ್ನು ಎತ್ತಿ, ತಿರುಗಿಸಿ ಮುರುಗಿಸಿ, "ಹಿತ್ತಾಳೆದು. ಇನ್ನೂ ಗಟ್ಟಿಯಾಗಿದೆ," ಎಂದು ಒಳಗೆ ಒಯ್ದ. ಕಪಾಟಿನಲ್ಲಿ ಪ್ಲಾಸ್ಟಿಕ್ ಚೀಲ ಸರಸರ ಅನ್ನುವುದು ಹಿತ್ತಲಿಗೂ ಕೇಳಿಸಿತು.

ಅಷ್ಟರಲ್ಲಿ ಕಾಂಪೌಂಡಿನಾಚೆಯಿಂದ ಪಕ್ಕದ ಮನೆಯ ಟೈಲರು ಕತ್ತು ಚಾಚಿದ. ವಾಪಸ್ ಬಂದ ಭಾವ ಕೂಡಲೇ ಗಂಟಲು ಸರಿಮಾಡಿಕೊಂಡ.

"ನಾನೇ ಆರಿಸಿದ್ದು. ಹೊರಗಡೆಗೆ ಇಂಥದ್ದೇ ಹಾಕ್ಬೇಕು. ಹೊಸದನ್ನ ಹಾಕೋರು ದಡ್ಡರು."

ಪ್ಲಂಬರನ ನಾಲಿಗೆ ತುದಿಗೆ ಬಂದ ಮಾತನ್ನು ಅಕ್ಕ ಕಣ್ಣಿನಲ್ಲೇ ತಡೆದಳು. ಒಲೆಯ ಮೇಲಿದ್ದ ಅತಿ ದೊಡ್ಡ ಪಾತ್ರೆಯನ್ನು, ತಳದ ತುಂಬ ಮಸಿ ಹಿಡಿದದ್ದನ್ನು, ಎರಡೂ ಕೈಯಲ್ಲಿ ಎತ್ತಿ ಸಿಂಕಿಗಿಳಿಸಿದಳು. ತಗಡು ಕರ್ ಎಂದಿತು. ಉದ್ದಕ್ಕೊಂದು ಹೊಸ ಗೀರು ಬಿತ್ತು. ಭಾವ ಟೈಲರಿಗೆ ಸಿಂಕಿನ ಗುಣ ಹೇಳುತ್ತಲೇ ಇದ್ದ, ಇತ್ತ ತಿರುಗಿಯೂ ನೋಡಲಿಲ್ಲ. ಅಕ್ಕ ನಲ್ಲಿ ತಿರುಗಿಸಿ, ಕಾಲು ಅಗಲಿಸಿ ನೆಟ್ಟಗೆ ನಿಂತು, ಪಾತ್ರೆ ತಿಕ್ಕತೊಡಗಿದಳು.