ಕೈಗೆ ಬಂದ ಚೆಂಡು

ಕಳೆದ ರವಿವಾರ ಗೋಕಾಕದಿಂದ ಸಂಕೇಶ್ವರಕ್ಕೆ ಮರಳುವಾಗ ಟೆಂಪೋದ ತುಂಬ ನೋವಿನ ಮುಲಾಮಿನ ವಾಸನೆ. ಸೋತವರ ಗಾಡಿಯಲ್ಲಿ ಈ ವಾಸನೆ ತುಸು ಹೆಚ್ಚೇ ಘಾಟು. ಗೆದ್ದವರಿಗೆ ಪೆಟ್ಟಿನ ನೆನಪೇ ಇರುವುದಿಲ್ಲ. ನಮ್ಮ ಡಿಫೆಂಡರ್ ಮಾರುತಿ ಕೊನೇ ಗಳಿಗೆಯಲ್ಲಿ ಚೆಂಡನ್ನು ನಮ್ಮದೇ ಗೋಲಿನೊಳಗೆ ಹೊಡೆದು, ಹಿಂದಿನ ಸೀಟಿನಲ್ಲಿ ಟವೆಲು ಮುಚ್ಚಿಕೊಂಡು ಕೂತಿದ್ದ. ಯಾರೂ ಅವನನ್ನು ಮಾತಾಡಿಸಲಿಲ್ಲ. ನಾನೂ ಮಾತಾಡಿಸಲಿಲ್ಲ. ದಾರಿಯುದ್ದಕ್ಕೂ ನನಗೆ ಶಿವಪುತ್ರನೇ ನೆನಪಾಗುತ್ತಿದ್ದ.

ಕ್ರಿಕೆಟ್ ಬಿಟ್ಟು ಈ ಸೀಮೆಯವರಿಗೆ ಫುಟ್‌ಬಾಲಿನ ಹುಚ್ಚು ಎಲ್ಲಿಂದ ಹಿಡಿಯಿತೆಂದು ನೀವು ಕೇಳಬಹುದು. ಕೊಲ್ಲಾಪುರದ ಗಾಳಿ, ಮತ್ತೇನು! ಬೆಲ್ಲದ ವ್ಯಾಪಾರ, ಬೀಗತನಗಳ ಜೊತೆಗೆ ಇದೂ ಬಂತು. ನಾನು ಜೀವನದಲ್ಲಿ ಆಡಿದ್ದು ಒಂದೇ ಮ್ಯಾಚು. ಅದರಲ್ಲೂ ನನ್ನ ಕಾಲಿಗೆ ಸಿಕ್ಕದ್ದು ಎದುರಾಳಿಯ ಮೊಣಕಾಲು ಮಾತ್ರ. ಆದರೆ ಗೆರೆಯಾಚೆ ನಿಂತು ಕೂಗುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹುಕ್ಕೇರಿಯ ಸಾಲಿಯಲ್ಲಿ ವಾರವಿಡೀ ಮಕ್ಕಳ ಮೇಲೆ ಕೂಗಿ ಹದಗೊಂಡ ಗಂಟಲು ನನ್ನದು.

ಶಿವಪುತ್ರ ಆಗ ನಮ್ಮ ಗೋಲ್‌ಕೀಪರ್. ಸಂಕೇಶ್ವರದ ಬಸ್‌ಸ್ಟ್ಯಾಂಡಿಗೆ ಹೋಗುವ ಓಣಿಯಲ್ಲಿ ಅವನ ಟೇಲರ್ ಅಂಗಡಿ. ನನ್ನ ಪ್ಯಾಂಟುಗಳನ್ನೆಲ್ಲ ಅವನೇ ಹೊಲಿಯುತ್ತಿದ್ದ. ನಡದ ಅಳತೆ ತೆಗೆಯುತ್ತ, "ಮಾಸ್ತರ, ನೀವು ಗೋಲಿನಾಗ ನಿಂತ್ರ ಸಾಕ್ರೀ, ಚೆಂಡು ಒಳಗ ಹೋಗಾಕ ಜಾಗಾನ ಇರೂದಿಲ್ಲ" ಎಂದು ನಗುತ್ತಿದ್ದ. ಒಳ್ಳೆಯ ಕೈ ಅವನದು. ಕತ್ತರಿ ಹಿಡಿದಾಗಲೂ, ಚೆಂಡು ಹಿಡಿದಾಗಲೂ.

ಕೆಲವು ವರ್ಷಗಳ ಹಿಂದೆ, ಇದೇ ಗೋಕಾಕದಲ್ಲಿ ಫೈನಲ್. ಎರಡೂ ಕಡೆ ಗೋಲಿಲ್ಲ. ಇನ್ನೇನು ಸೀಟಿ ಊದಬೇಕು, ಅಷ್ಟರಲ್ಲಿ ಒಂದು ಚೆಂಡು ತೆವಳುತ್ತ ಬಂತು. ಹೊಡೆತ ಅನ್ನುವಂತೆಯೂ ಇರಲಿಲ್ಲ. ಶಿವಪುತ್ರ ಬಗ್ಗಿ ಎರಡೂ ಕೈಯಿಂದ ಅದನ್ನು ಹಿಡಿದ. ಅದು ಬೆರಳ ಸಂದಿಯಿಂದ ಜಾರಿ ಗೆರೆ ದಾಟಿತು. ಮುಗಿಯಿತು.

ಎಲ್ಲರ ಮುಂದೆ ನಾನೇ ಮೊದಲು ಬಾಯಿ ಬಿಟ್ಟೆ. "ಬರೇ ಗುಂಡಿ ಹಚ್ಚೋ ಕೈ ಇವು. ಇನ್ನ ಮ್ಯಾಲ ಮೈದಾನಕ್ಕ ತರಬ್ಯಾಡ."

ಅವನು ಅಂಗೈ ನೋಡಿಕೊಳ್ಳುತ್ತಿದ್ದ. "ಚೆಂಡು ಕೈಗೆ ಬಂದಿತ್ರೀ ಮಾಸ್ತರ. ಬೆರಳು ಮುಚ್ಚಲಿಲ್ಲ" ಎಂದ.

ನೆವ ಹೇಳುತ್ತಾನೆ ಎಂದುಕೊಂಡೆವು. ಮಾರನೇ ದಿನದಿಂದ ನಾನು ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬಸ್ಸಿಗೆ ಹೋಗುವಾಗ ಎದುರಿನ ಕಿರಾಣಿ ಅಂಗಡಿಯ ಕಡೆ ಮುಖ ತಿರುಗಿಸಿಕೊಂಡು ದಾಟುತ್ತಿದ್ದೆ. ಮೂರು ತಿಂಗಳು. ನಲವತ್ತು ದಾಟಿದವನು, ಮಕ್ಕಳಿಗೆ ವಚನ ಅರ್ಥಮಾಡಿಸುವವನು, ಒಂದು ಚೆಂಡಿಗಾಗಿ!

ಒಂದು ದಿನ ನನ್ನ ಹೆಂಡತಿ ಜಂಪರ್ ಹೊಲಿಯಲು ಕೊಟ್ಟು ಬಂದವಳು ಪಡಸಾಲೆಯಲ್ಲಿ ಸುಮ್ಮನೆ ಕೂತುಬಿಟ್ಟಳು. "ಶಿವಪುತ್ರಣ್ಣ ಸೂಜಿಗೆ ದಾರ ಪೋಣಿಸಿಕೊಡ್ರಿ ವೈನಿ ಅಂತ ನನ್ನ ಕಡೆ ಕೊಟ್ಟ. ಕತ್ತರಿ ಅವನ ಕೈಯಾಗ ನಿಲ್ಲವಲ್ದು. ನೀವು ಹೋಗಿ ನೋಡಿ ಬರ್ರಿ."

ಹೋದೆ. ಹೆಬ್ಬೆರಳ ಬುಡದ ಮಾಂಸ ಕರಗಿ ಅಲ್ಲೊಂದು ತಗ್ಗು ಬಿದ್ದಿತ್ತು. ನರದ ರೋಗ, ದಿನ ಹೋದಂತೆ ಮೈಯೆಲ್ಲ ಹಿಡಿಯುತ್ತದೆ, ಔಷಧ ಇಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು.

"ಯಾವಾಗಿಂದ?" ಎಂದೆ.

"ಫೈನಲ್‌ಕಿಂತ ಮೊದಲ ಸುರು ಆಗಿತ್ರೀ. ಅಂಗಿ ಗುಂಡಿ ಹಾಕೂದ ತ್ರಾಸ ಆಗತಿತ್ತು. ಹೇಳಿದ್ರ ಆಡಸೂದಿಲ್ಲ ಅಂತ ಹೇಳಲಿಲ್ಲ. ಅದು ನನ್ನ ತಪ್ಪು."

ಮುಂದಿನ ಎರಡು ವರ್ಷ ರವಿವಾರಗಳನ್ನು ಅವನ ಮನೆಯಲ್ಲಿ ಕಳೆದೆ. ಅವನ ಹೆಂಡತಿ ಮಹಾನಂದಾ ಹೊಲಿಗೆ ಮಷೀನಿನ ಮುಂದೆ ಕೂತು ಮನೆ ನಡೆಸುತ್ತಿದ್ದಳು. ನಾನು ಅವನಿಗೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತಿನ್ನಿಸುತ್ತಿದ್ದೆ. ಯಾರು ಗೆದ್ದರು, ಯಾರು ಸೋತರು ಎಂದು ಕೇಳುತ್ತಿದ್ದ. ಒಂದು ಮಧ್ಯಾಹ್ನ ಧೈರ್ಯ ಮಾಡಿ, "ಅವತ್ತು ಆಡಿದ ಮಾತು ಮನಸ್ಸಿನ್ಯಾಗ ಇಟ್ಕೋಬ್ಯಾಡ ಮಾರಾಯಾ" ಎಂದೆ. ಆಗಲೇ ಅವನ ನಾಲಗೆ ತೊದಲುತ್ತಿತ್ತು. ನಿಧಾನವಾಗಿ, ಒಂದೊಂದೇ ಶಬ್ದ ಕೂಡಿಸಿ ಹೇಳಿದ:

"ಬೈದದ್ದು ಹೋಗ್ಲಿ ಬಿಡ್ರಿ. ಸೋತಾಗ ಯಾರರ ಬೈತಾರ. ಆದ್ರ ಮೂರು ತಿಂಗಳ ಅಂಗಡಿ ಮುಂದ ಹಾದು ಹೋದ್ರಲ್ಲಾ... ದಿನಾ ನೋಡತಿದ್ನಿ. ಅದು ಹೋಗವಲ್ದು."

ಅವನು ಕ್ಷಮಿಸಿದ ಎಂದು ನಿಮಗೆ ಹೇಳಬಹುದಿತ್ತು. ಕ್ಷಮಿಸಲಿಲ್ಲ. ಆದರೆ ಮುಂದಿನ ರವಿವಾರ ನಾನು ಹೋಗುವುದು ತಡವಾದಾಗ, ಬಾಗಿಲ ಕಡೆಗೇ ನೋಡುತ್ತಿದ್ದನಂತೆ.

ಚಳಿಗಾಲದಲ್ಲಿ ಹೋದ. ಕ್ರಿಯಾಸಮಾಧಿಗೆ ಕೂರಿಸಿ ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು. ಬೆರಳುಗಳು ಅದನ್ನು ಹಿಡಿದು ನಿಲ್ಲಲಿಲ್ಲ. ಸ್ವಾಮಿಗಳು ಎರಡು ಸಲ ಇಟ್ಟು ನೋಡಿದರು. ಕೊನೆಗೆ ಮಹಾನಂದಾ ಮುಂದೆ ಬಂದು, ಬಿಳಿ ಬಟ್ಟೆಯ ಪಟ್ಟಿ ಸುತ್ತಿ, ಅವನ ಕೈಯನ್ನು ಅವಳೇ ಮುಚ್ಚಿ ಕಟ್ಟಿದಳು. ತಂಡದವರೆಲ್ಲ ಅಲ್ಲಿದ್ದೆವು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಇಷ್ಟಾದ ಮೇಲೆ ಸೋಲಿನಲ್ಲಿ ನಾನು ಸಮಚಿತ್ತದವನಾದೆ ಎಂದೇನೂ ಅಲ್ಲ. ಮೊನ್ನೆಯೂ ಮೈಯೆಲ್ಲ ಉರಿಯಿತು. ಮನೆಗೆ ಬಂದು ಊಟ ಬಿಟ್ಟೆ. ಆದರೆ ಸೋಮವಾರ ಸಾಲಿ ಬಿಟ್ಟೊಡನೆ ಎರಡು ಬಸ್ಸು ಬದಲಿಸಿ ಕಲ್ಲೋಳಿಗೆ ಹೋದೆ. ಮಾರುತಿ ಅಲ್ಲಿ ಬೈಕ್ ರಿಪೇರಿ ಮಾಡುತ್ತಾನೆ. ನನ್ನನ್ನು ಕಂಡು ಪಾನಾ ಕೆಳಗಿಟ್ಟು ಎದ್ದು ನಿಂತ.

"ಬೈಯ್ಯಾಕ ಬಂದ್ರೇನ್ರಿ ಮಾಸ್ತರ?"

"ಹೂಂ. ಅದಕ್ಕಿಂತ ಮೊದಲ ಹೇಳು, ಮೈಯಾಗ ಆರಾಮ ಅದೀಯೋ ಇಲ್ಲೋ? ಕಾಲಾಗ ಜೋಮು, ಕಣ್ಣಿಗೆ ಮಂಜು, ಏನರ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ಎಲ್ಲಾ ಆರಾಮ ಐತ್ರಿ. ಗಡಿಬಿಡ್ಯಾಗ ಹೊಡದ್ನಿ. ತಪ್ಪು ನಂದ."

"ಬರೇ ತಪ್ಪು, ಹೌದಲ್ಲೋ?"

"ಹೌದ್ರಿ, ಬರೇ ತಪ್ಪು."

ಆಗ ಅವನ ಗ್ಯಾರೇಜಿನ ಕಟ್ಟೆಯ ಮೇಲೆ ಕೂತು, ಗಂಟಲು ಬೀಳುವವರೆಗೆ ಅವನನ್ನು ಬೈದೆ. ಅವನೂ ನಿಂತು ಪೂರಾ ಬೈಸಿಕೊಂಡ.