ತಂಗಿಗೆ ಕೊಡದ ನೀರು

ಇವತ್ತು ಸಿಂಧನೂರಿನ ಆಸ್ಪತ್ರೆಯಲ್ಲಿ ನರ್ಸ್ ಓಆರ್‌ಎಸ್ ಪುಡಿಯನ್ನು ನೀರಿಗೆ ಹಾಕಿ ಕಲಕುತ್ತಿದ್ದರು. ನನ್ನ ಮೊಮ್ಮಗಳಿಗೆ ಭೇದಿ. "ಭೇದಿ ಆದಾಗೆಲ್ಲ ಇದನ್ನ ಕುಡಿಸ್ರೀ, ಬಿಡಬ್ಯಾಡ್ರಿ," ಎಂದರು. ಚಮಚ ಲೋಟಕ್ಕೆ ತಾಗುವ ಆ ಸದ್ದು ನನ್ನನ್ನು ಜವಳಗೇರಾದ ನನ್ನ ಬಾಲ್ಯದ ಮನೆಗೆ ಎಳೆದೊಯ್ದಿತು.

ಅವ್ವ ಭತ್ತದ ನಾಟಿಗೆ ಹೋಗಿದ್ದಳು. ಎಂಟು ತಿಂಗಳ ತಂಗಿಗೆ ಎರಡು ದಿನದಿಂದ ಭೇದಿ. ಅಜ್ಜಿಯ ತೊಡೆಯ ಮೇಲೆ ಮಲಗಿ ಅಳುತ್ತಿದ್ದಳು, ಆದರೆ ಕಣ್ಣಲ್ಲಿ ನೀರು ಬರುತ್ತಿರಲಿಲ್ಲ. ತುಟಿ ಒಣಗಿ ಬಿರಿದಿತ್ತು.

"ಒಂದ್ ಗುಟುಕು ನೀರು ಕೊಡ್ಲೇನಬೇ ಅಜ್ಜಿ?" ಎಂದೆ.

"ಬ್ಯಾಡ. ನೀರು ಕುಡಿಸಿದ್ರ ಇನ್ನಷ್ಟು ಜಾಡಿಸ್ತೈತಿ. ಕೂಸಿಗಿಲ್ಲದ್ದು ನನಗ್ಯಾಕಂತ ನಾನೂ ಮುಂಜಾನಿಂದ ಕುಡ್ದಿಲ್ಲ ನೋಡು," ಎಂದಳು ಅಜ್ಜಿ, ಸೆರಗಿನಿಂದ ಕೂಸಿಗೆ ಗಾಳಿ ಹಾಕುತ್ತಾ.

ಮನೆಯ ಹಿಂದೆ ಕಾಲುವೆ ತುಂಬಿ ಹರಿಯುತ್ತಿತ್ತು. ಸಂಜೆ ಅವ್ವ ಕೆಸರುಗಾಲಲ್ಲೇ ಬಂದು ಎತ್ತಿಕೊಂಡಾಗ ತಂಗಿ ಕಣ್ಣು ಬಿಡಲಿಲ್ಲ.

ಮುಂದೆ ಭೇದಿಗೆ ಉಪ್ಪು-ಸಕ್ಕರೆ ಹಾಕಿದ ನೀರೇ ಮದ್ದು ಎಂದು ಶಾಲೆಯಲ್ಲಿ ಕಲಿತಾಗ ಅಜ್ಜಿ ಇನ್ನೂ ಇದ್ದಳು. ಆ ಪಾಠವನ್ನು ಊರಿಗೆಲ್ಲ ಹೇಳಿದೆ. ಅವಳೊಬ್ಬಳಿಗೆ ಹೇಳಲಿಲ್ಲ.

ನರ್ಸ್ ಚಮಚವನ್ನು ನನ್ನ ಕೈಗೆ ಕೊಟ್ಟರು. ಮೊಮ್ಮಗಳು ಆಗಲೇ ಬಾಯಿ ತೆರೆದಿದ್ದಳು.