ಕುಂಬಳ ಹುಳದ ಹೊಟ್ಟೆ

ಪೊಲೀಸ್ ಆಕ್ಷನ್ ಆದ ಮರುವರ್ಷ ನಾನು ಔರಾದಿನ ಶಾಲೆಯಲ್ಲಿ ಅಕ್ಕೋರು. ಒಂದು ದಿನ ಡಾಬಕಾ ಹಳ್ಳಿಯ ಗಂಗವ್ವ ಡಬ್ಬಿ ತುಂಬ ಹುಳ ಹಿಡಿದು ತಂದಳು. ಅವು ಅವಳ ಕುಂಬಳ ಬಳ್ಳಿಯ ಎಲೆಗಳನ್ನು ಜರಡಿ ಮಾಡಿದ್ದವು. ಬೂದಿ ಎರಚಿ ಸೋತಿದ್ದಳು. ಇನ್ನೆರಡು ದಿನ ಬಿಟ್ಟರೆ ಬಳ್ಳಿಯೇ ಇಲ್ಲ. ಹುಳ ಕೊಲ್ಲುವ ಸರ್ಕಾರಿ ಪುಡಿಗೆ ಅರ್ಜಿ ಬರೆಯಲು ನನ್ನನ್ನು ತಹಸೀಲ್ ಕಚೇರಿಗೆ ಎಳೆದೊಯ್ದಳು.

ಗುಮಾಸ್ತರು ಡಬ್ಬಿಯಲ್ಲಿ ಇಣುಕಿದರು. ಜೋಳದ ಕಾಳಿಗಿಂತ ತುಸು ಉದ್ದ, ನುಣುಪಾದ ಕಿತ್ತಳೆಗೆಂಪು ಬೆನ್ನು.

"ಕರೀ ಹುಳಕ್ಕಷ್ಟೇ ಪುಡಿ ಕೊಡ್ಬೇಕಂತ ಹುಕುಂ ಅದರಿ ಅಕ್ಕೋರ. ಇದು ಕೆಂಪದ."

"ಎಲಿ ತಿನ್ನಾಕ ಅದು ನಿಮ್ಮ ಹುಕುಂ ಕೇಳ್ತದೇನ್ರಿ?" ಎಂದಳು ಗಂಗವ್ವ.

"ನಿಜಾಮರ ಸರ್ಕಾರ ಹೋದ್ರೂ ಹುಕುಂ ರದ್ದಾಗಿಲ್ಲವ್ವ."

ನಿಜವೇ. ಅವರ ಶೇರ್ವಾನಿ ಹಳೆಯದೇ ಇತ್ತು, ತಲೆಯ ಮೇಲಿನ ಬಿಳಿ ಗಾಂಧಿ ಟೋಪಿ ಮಾತ್ರ ಹೊಸದು.

ಗಂಗವ್ವ ಒಂದು ಹುಳ ತೆಗೆದು ಅವರ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಹೊಟ್ಟೆ ಕಪ್ಪಗಿತ್ತು.

"ಈಗ ನೋಡ್ರಿ ಸಾಹೇಬ್ರ."

ಸಾಹೇಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಕರೀದು ಅಂತ ಬರೀರಿ ಅಕ್ಕೋರ," ಎಂದು ಪುಡಿ ಕೊಡಿಸಿದರು.

ಬಳ್ಳಿ ಉಳಿಯಿತು. ಅಂದಿನಿಂದ ಹೊಸ ಟೋಪಿಯವರು ಯಾರೇ ಎದುರಾಗಲಿ, ಒಮ್ಮೆ ಅಂಗಾತ ಮಲಗಿಸಿ ನೋಡೋಣ ಅನಿಸುತ್ತದೆ. ಏನು ಮಾಡಲಿ, ಅಕ್ಕೋರಿಗೆ ಅದು ಶೋಭಿಸುವುದಿಲ್ಲ.